ಬೆನ್ನಿಗಂಟಿದ ಗೋಡೆ

ಬೆಳಗಿನ ಪ್ಯಾಸೆಂಜರ್ ರೈಲು
ಮಂಡ್ಯ ಬಿಟ್ಟು ಯಲಿಯೂರು ದಾಟುವಷ್ಟರಲ್ಲಿ
ರೆಬೆಕಾ ನನ್ನ ಬೆನ್ನು ತಟ್ಟುತ್ತಿದ್ದಳು.
ಸಮಾಧಾನಕ್ಕಲ್ಲ.
"ಇವತ್ತೂ ಗೋಡೆ ಕರ್ಕೊಂಡ್ ಬಂದಿದೀಯಲ್ಲೇ!"
ಮೈಸೂರಿನ ಅಂಗಡಿ ಕೊಟ್ಟ ಕಡುನೀಲಿ ಸೀರೆಯ ಮೇಲೆ
ತಿಳಿಹಸಿರು ಡಿಸ್ಟೆಂಪರ್,
ಬೆನ್ನಿನ ಅಗಲಕ್ಕೆ ಸರಿಯಾಗಿ.

ಗುತ್ತಲಿನಲ್ಲಿ ಹದಿನಾಲ್ಕು ವರ್ಷ ಬಾಡಿಗೆಗಿದ್ದ ಮನೆ.
ಮೂರು ವರ್ಷಕ್ಕೊಮ್ಮೆ ಓನರ್ ಪಾಪೇಗೌಡರು
ಒಂದು ಮೂಟೆ ಪುಡಿ, ಒಂದು ಬ್ರಷ್ಷು,
ಒಬ್ಬ ಹುಡುಗನನ್ನು ಕಳಿಸುತ್ತಿದ್ದರು.
ಸ್ವಿಚ್ ಬೋರ್ಡು, ಹಲ್ಲಿಮೊಟ್ಟೆ, ಜೇಡರ ಬಲೆ
ಯಾವುದನ್ನೂ ಬಿಡದೆ
ಮಧ್ಯಾಹ್ನದೊಳಗೆ ಎಲ್ಲ ಹಸಿರು.
"ಬಾಡಿಗೆಯವರಿಗೆ ಇಷ್ಟು ಸಾಕು."
ಕೆಟ್ಟವರಲ್ಲ ಅವರು. ಆ ಮಾತಿನಲ್ಲಿ
ಕೇಡು ಇರಲಿಲ್ಲ, ಲೆಕ್ಕ ಇತ್ತು.
ಮೊಳೆ ಹೊಡೆಯಬಾರದು ಅಂದರು. ಸರಿ.
ನಮ್ಮ ಕ್ಯಾಲೆಂಡರು ಕಿಟಕಿಯ ಸರಳಿಗೇ ಜೋತುಬಿದ್ದು
ತಿಂಗಳುಗಳನ್ನು ಗಾಳಿಗೆ ಮಗುಚಿಕೊಂಡಿತು.

ಆ ಮನೆಯನ್ನೇ ಹೋದ ಮಾಘದಲ್ಲಿ ಕೊಂಡುಕೊಂಡೆವು.
ಎರಡು ಚೀಟಿ, ಒಂದು ಸೊಸೈಟಿ ಸಾಲ, ಅವ್ವನ ಅಡ್ಡಿಕೆ.
ರಿಜಿಸ್ಟರ್ ಆದ ದಿನ ಹೆಬ್ಬೆಟ್ಟಿಗೆ ಹತ್ತಿದ ಮಸಿ
ಸಂಜೆಗೆ ಸೋಪಿಗೆ ಹೋಯಿತು.
ಬೆನ್ನಿನ ಹಸಿರು ಹೋಗಲಿಲ್ಲ.

ಪುಟ್ಟಮಾದ ಬಂದ. ಮಾತಿಗೆ ಮೊದಲು
ಅಂಗೈಯನ್ನು ಗೋಡೆಗಿಟ್ಟು ಎಳೆದು ನನಗೆ ತೋರಿಸಿದ.
"ಇದು ಬಣ್ಣ ಅಲ್ಲ ಕಣಕ್ಕ, ಗೋಡೆ ಪೌಡರ್ ಹಾಕ್ಕಂಡದೆ."
ಒದ್ದೆ ಬಟ್ಟೆಯಲ್ಲಿ ಒಂದು ಕಡೆ ಒರೆಸಿದ:
ಹಸಿರಿನ ಕೆಳಗೆ ಗುಲಾಬಿ, ಅದರ ಕೆಳಗೆ
ನಮಗಿಂತ ಮೊದಲಿದ್ದ ಯಾರದೋ ನೀಲಿ.
ಬಚ್ಚಲ ಪಕ್ಕದ ಗೋಡೆಯಲ್ಲಿ
ಹಪ್ಪಳದಂತೆ ಎದ್ದಿದ್ದ ಗುಳ್ಳೆಯನ್ನು
ಉಗುರಿನಿಂದ ಒಡೆದು, ಮೂಸಿ,
"ಒಳಗೆ ಪೈಪು ಜಿನುಗ್ತಾ ಅದೆ. ಮೊದ್ಲು ಅದ ನೋಡ್ಸಿ.
ಒದ್ದೆ ಗೋಡೆಗೆ ಎಂಥಾ ಬಣ್ಣ ಬಳುದ್ರೂ
ಜ್ವರದವ್ನಿಗೆ ಹೊಸ ಅಂಗಿ ತೊಡ್ಸ್ದಂಗೆ."

ಆಮೇಲೆ ಕೇಳಿದ, ಯಾವ ಬಣ್ಣ ತರೋದು?
ನನ್ನ ಬಾಯಿಂದ ತಾನಾಗಿ ಬಂತು:
"ಇರೋದ್ರಲ್ಲಿ ಕಮ್ಮೀದು. ಇಷ್ಟು ಸಾಕು."

ಪಟ್ಟಿ ಬರೆಯುತ್ತಿದ್ದ ಪೆನ್ಸಿಲನ್ನು
ಕಿವಿಗೆ ಸಿಕ್ಕಿಸಿಕೊಂಡು ನನ್ನನ್ನೇ ನೋಡಿ
"ಯಾರ ಮನೆಗಕ್ಕ?" ಅಂದ.

ಕುಕ್ಕರ್ ಕೂಗಿತು. ನಾನು ಏಳಲಿಲ್ಲ.
ಈ ಮನೆಯಲ್ಲೇ ಹುಟ್ಟಿದ ಹರಿಣಿಗೆ
ಅವ್ವ, ಅಜ್ಜಿ ಆದಮೇಲೆ ನಾನು ಕಲಿಸಿದ ಮಾತು
"ಒರಗಬೇಡ."
ಗೋಡೆಯಿಂದ ಮೊಳ ದೂರಕ್ಕೆ ಚಾಪೆ ಎಳೆದುಕೊಂಡು
ನಡುಮನೆಯ ನಡುವೆ, ಬಸ್ಸಿಗೆ ಕಾಯುವವಳಂತೆ
ನೆಟ್ಟಗೆ ಕೂತು ಉಣ್ಣುತ್ತಾಳೆ ಮಗು.

ಕೊನೆಗೆ ತಂದದ್ದು ತೊಳೆಯಲು ಬರುವ ಎಮಲ್ಷನ್.
ಬೆಲೆ ಕೇಳಿ ನನ್ನ ಗಂಡ
ಅಂಗಡಿಯ ಹೊರಗೆ ಹೋಗಿ ನಿಂತರು.
ಪೈಪು ಮಾಡಿಸಿ, ಗೋಡೆ ಆರಲು ಇಪ್ಪತ್ತು ದಿನ ಕಾದು,
ಕೆರೆದು, ಪುಟ್ಟಿ ತುಂಬಿ, ಉಜ್ಜಿ, ಪ್ರೈಮರ್ ಕೊಟ್ಟು,
ಮೂರೂ ಬಾಡಿಗೆಯ ಬಣ್ಣಗಳು ಪಾತ್ರೆ ಪಗಡೆಯ ಮೇಲೆಲ್ಲ
ದೂಳಾಗಿ ಕೂತು, ಕೊನೆಗೊಮ್ಮೆ
ಬೀದಿಗೆ ಗುಡಿಸಿಹೋದವು.
ಹೊಸದರ ಬಣ್ಣ ಹೇಗೆ ಹೇಳಲಿ,
ಆಲೆಮನೆಯಲ್ಲಿ ಅಚ್ಚಿಗೆ ಹೊಯ್ಯುವ ಮುಂಚಿನ ಎಳೆಬೆಲ್ಲ,
ಅದಕ್ಕೆ ಒಂದಿಷ್ಟು ಹಾಲು.

ಮೊದಲ ವಾರವೇ ಹರಿಣಿ ಸಾರಿನ ಕೈ ಒತ್ತಿದಳು.
ಐದು ಬೆರಳೂ ಸ್ಪಷ್ಟ.
ಹಲ್ಲು ಕಚ್ಚಿ ಒದ್ದೆ ಬಟ್ಟೆ ತಂದೆ.
ಕೈ ಹೋಯಿತು. ಗೋಡೆ ಉಳಿಯಿತು.
ಬಟ್ಟೆಯನ್ನು ಬೆಳಕಿಗೆ ಹಿಡಿದು ಹುಡುಕಿದೆ:
ಅರಿಸಿನ, ಅಷ್ಟೆ.

ರೆಬೆಕಾ ಈಗ ತಟ್ಟುವುದಿಲ್ಲ.
ನನ್ನ ಕೈ ಮಾತ್ರ, ಹೊಸಲು ದಾಟುವಾಗ
ತಾನಾಗಿ ಹಿಂದಕ್ಕೆ ಹೋಗಿ
ಇಲ್ಲದ ಹಸಿರನ್ನು ಕೊಡವುತ್ತದೆ.
ಮೊಳೆ ತಂದು ತಿಂಗಳಾಯಿತು.
ಕ್ಯಾಲೆಂಡರು ಇನ್ನೂ ಕಿಟಕಿಯಲ್ಲೇ ಇದೆ.